ದೇಣಿಗೆ ಪತ್ರ ಕಳಿಸೋ ಏಜೆನ್ಸಿ ಜೊತೆ ಎರಡು ಸುತ್ತು: ಪತ್ರಕ್ಕೆ ಫುಲ್ ಮಾರ್ಕ್ಸ್, ಪಟ್ಟಿಗೆ ಇಲ್ಲ

ನಮ್ದು ಪುಟ್ಟ ಸಂಸ್ಥೆ. ಕಣ್ಣು ಕಾಣದ ಮಕ್ಕಳಿಗೆ ಶಾಲೆ ಪುಸ್ತಕಗಳನ್ನ ಬ್ರೈಲ್‌ಗೆ ಹಾಕಿ ಕೊಡೋ ಕೆಲಸ, ನಾನು ಅಲ್ಲಿ ಲೆಕ್ಕ, ರಸೀದಿ, ದಾನಿಗಳ ಪಟ್ಟಿ ಎಲ್ಲ ನೋಡ್ಕೋತೀನಿ. ಇಷ್ಟು ವರ್ಷ ನಾವೇ ಪತ್ರ ಬರೆದು, ನಾವೇ ಜೆರಾಕ್ಸ್ ಮಾಡ್ಸಿ, ನಾವೇ ಕೂತು ಕವರ್‌ಗೆ ಅಂಟು ಹಚ್ಚಿ ಹಳೇ ದಾನಿಗಳಿಗೆ ಕಳಿಸ್ತಿದ್ವಿ. ಬರೋ ದುಡ್ಡು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಾ ಬಂತು, ಕೊಡೋರೆಲ್ಲ ವಯಸ್ಸಾದೋರು, ಕೆಲವರು ತೀರಿಕೊಂಡ್ರು, ಕೆಲವರು ಮನೆ ಬದಲಾಯಿಸಿದ್ರು, ಹೊಸಬರು ಅಂತ ಯಾರೂ ಸೇರ್ತಾನೇ ಇರ್ಲಿಲ್ಲ. ಕೊನೆಗೆ ಕಮಿಟಿಯಲ್ಲಿ ಒಪ್ಪಿಸಿ, ಇದೇ ಕೆಲಸ ಮಾಡೋ ಒಂದು ಏಜೆನ್ಸಿಗೆ ಕೊಟ್ವಿ. ಎರಡು ಸುತ್ತು ಪತ್ರ ಹೋಗಿದೆ. ಹೆಸರು ಹಾಕ್ತಿಲ್ಲ, ಯಾಕಂದ್ರೆ ನಾನು ಬರೀತಿರೋದು ಅವರ ಮೇಲೆ ಸಿಟ್ಟು ತೀರಿಸ್ಕೊಳ್ಳೋಕಲ್ಲ, ನಮ್ಮಂಥ ಚಿಕ್ಕ ಸಂಸ್ಥೆಯೋರು ಇಂಥ ಸರ್ವಿಸ್ ತಗೊಳ್ಳೋಕೆ ಮುಂಚೆ ಏನೇನು ನೋಡ್ಬೇಕು ಅಂತ ಹೇಳೋಕೆ. ನನ್ನ ಕಡೆಯಿಂದ ಐದಕ್ಕೆ ಮೂರು ಸ್ಟಾರ್.

ಮೊದಲು ಒಳ್ಳೇದು. ಪತ್ರ ಬರೆಯೋದ್ರಲ್ಲಿ ಅವರು ನಿಜವಾಗ್ಲೂ ಪಳಗಿದೋರು. ನಮ್ಮ ಹಳೇ ಪತ್ರ ಶುರುವಾಗ್ತಿದ್ದದ್ದೇ 'ನಮ್ಮ ಸಂಸ್ಥೆಯು ಕಳೆದ ಹಲವಾರು ವರ್ಷಗಳಿಂದ' ಅಂತ, ಇಡೀ ಪುಟ ನಾವು ಅದು ಮಾಡಿದ್ವಿ ನಾವು ಇದು ಮಾಡಿದ್ವಿ ಅಂತಾನೇ. ಅವರ ಕಡೆ ಪತ್ರ ಬರೆಯೋ ಮೇಡಂ ಕೆಂಪು ಪೆನ್ ಹಿಡಿದು 'ನಾವು' 'ನಮ್ಮ' ಅಂತ ಇರೋ ಕಡೆಯೆಲ್ಲ ಸುತ್ತು ಹಾಕಿದ್ರು, ಆಮೇಲೆ 'ನೀವು' ಅಂತ ಎಲ್ಲಿದೆ ಹುಡುಕಿ ಅಂದ್ರು. ಒಂದೇ ಒಂದು ಕಡೆ ಸಿಕ್ತು, ಕೊನೇಲಿ, 'ನೀವು ಧನಸಹಾಯ ಮಾಡಬೇಕಾಗಿ ವಿನಂತಿ'. ನಾನು ಆ ಹಾಳೆ ಇನ್ನೂ ಇಟ್ಕೊಂಡಿದ್ದೀನಿ.

ಅವರು ಬರೆದ ಪತ್ರ ಒಬ್ಬ ಹುಡುಗಿ ಬಗ್ಗೆ ಮಾತ್ರ. ಗಣಿತ ಅಂದ್ರೆ ಪ್ರಾಣ ಅವಳಿಗೆ, ಆದ್ರೆ ಕ್ಲಾಸಲ್ಲಿ ಎಲ್ಲರ ಹತ್ರ ಪುಸ್ತಕ ಇರತ್ತೆ, ಇವಳ ಹತ್ರ ಇರಲ್ಲ, ಯಾಕಂದ್ರೆ ಒಂದು ತೆಳು ಗಣಿತ ಪುಸ್ತಕ ಬ್ರೈಲ್‌ಗೆ ಬಂದ್ರೆ ಹಲವು ದಪ್ಪ ಸಂಪುಟ ಆಗತ್ತೆ, ಅದನ್ನ ತಯಾರು ಮಾಡೋಷ್ಟರಲ್ಲಿ ಕ್ಲಾಸು ಅರ್ಧ ಪಾಠ ದಾಟಿರತ್ತೆ. ನಾವು ಪುಸ್ತಕ ಕೊಟ್ಟ ಮಕ್ಕಳ ಒಟ್ಟು ಲೆಕ್ಕಾನೂ ಹಾಕಿ ಅಂತ ನಾನು ಹಠ ಮಾಡಿದೆ, ಅವರು ಬೇಡ ಅಂದ್ರು. ಇದರ ಮೇಲೆ ಸಂಶೋಧನೆನೇ ಆಗಿದೆ. 2007ರಲ್ಲಿ ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಅಂತ ಮೂವರು ಪ್ರಕಟಿಸಿದ ಪ್ರಯೋಗದಲ್ಲಿ, ಮಾಲಿ ದೇಶದ ರೋಕಿಯಾ ಅನ್ನೋ ಏಳು ವರ್ಷದ ಹುಡುಗಿಯ ಕಥೆ ಓದಿದೋರು, ಲಕ್ಷಾಂತರ ಜನರ ಹಸಿವಿನ ಅಂಕಿಸಂಖ್ಯೆ ಓದಿದೋರಿಗಿಂತ ಜಾಸ್ತಿ ಕೊಟ್ರು, ಎರಡನ್ನೂ ಒಟ್ಟಿಗೆ ತೋರಿಸಿದಾಗ ಹುಡುಗಿಗೆ ಅಂತ ಬರ್ತಿದ್ದದ್ದೂ ಇಳೀತು. ಓದಿದಾಗ ನನಗೆ ಸ್ವಲ್ಪ ಬೇಜಾರೇ ಆಯ್ತು, ಮನುಷ್ಯರು ಹೀಗಾ ಅಂತ, ಆದ್ರೆ ನಾನೇ ಯೋಚಿಸಿದ್ರೆ ನಾನೂ ಹಾಗೇ, ಒಂದು ಮುಖ ಮನಸ್ಸಲ್ಲಿ ಉಳಿಯತ್ತೆ, ಲಕ್ಷ ಅನ್ನೋದು ಉಳಿಯಲ್ಲ.

ಒಂದು ವಿಷಯಕ್ಕೆ ಮಾತ್ರ ಜೋರು ಜಗಳ ಆಯ್ತು, ಫೋಟೋ. ಅವರಿಗೆ ಅಳು ಮುಖದ ಮಗು ಬೇಕಿತ್ತು, ಖಾಲಿ ಗೋಡೆ ಮುಂದೆ ಒಂಟಿಯಾಗಿ ಕೂತಿರೋ ಥರ. ನಮ್ಮಲ್ಲಿ ಬ್ರೈಲ್ ಪ್ರೂಫ್ ನೋಡೋ ಸರ್ ಇದ್ದಾರೆ, ಅವರಿಗೂ ಹುಟ್ಟಿನಿಂದ ದೃಷ್ಟಿ ಇಲ್ಲ, ಮೀಟಿಂಗಲ್ಲಿ ಸುಮ್ನೆ ಕೂತಿದ್ದೋರು ಇದೊಂದು ಮಾತು ಬಂದಾಗ ಎದ್ದು ನಿಂತ್ರು. 'ಪುಸ್ತಕ ಕೇಳ್ತಿದ್ದೀವಿ ಸ್ವಾಮಿ, ಅಯ್ಯೋ ಪಾಪ ಅನ್ನಿ ಅಂತ ಕೇಳ್ತಿಲ್ಲ' ಅಂದ್ರು. ಏಜೆನ್ಸಿಯೋರು ಆ ಮಾತಿಗೆ ಬೆಲೆ ಕೊಟ್ರು, ಇದು ಅವರ ದೊಡ್ಡ ಗುಣ ಅಂತ ಹೇಳ್ಲೇಬೇಕು. ಕೊನೆಗೆ ಹಾಕಿದ್ದು ಬರೀ ಎರಡು ಕೈಯ ಫೋಟೋ, ಚುಕ್ಕಿ ಸಾಲಿನ ಮೇಲೆ ತೋರುಬೆರಳು ಓಡ್ತಿರೋದು, ಉಗುರಿನ ಪಕ್ಕ ಒಂದು ಇಂಕಿನ ಕಲೆ. ಹುಡುಗಿ ಹೆಸರು ಬದಲಾಯಿಸಿ, ಅವಳ ಅಪ್ಪ ಅಮ್ಮನ ಹತ್ರ ಪತ್ರ ಓದಿಸಿ ಒಪ್ಪಿಗೆ ತಗೊಂಡೇ ಪ್ರಿಂಟಿಗೆ ಕೊಟ್ವಿ.

ಪ್ಯಾಕೆಟ್ ಅಂತಾರೆ ಅವರು, ಅಂದ್ರೆ ಹೊರಗಿನ ಕವರ್, ಪತ್ರ, ತುಂಬಿ ಕಳಿಸೋ ಚೀಟಿ, ವಾಪಸ್ ಕಳಿಸೋಕೆ ಅಂಚೆ ಖರ್ಚು ಮೊದಲೇ ಕಟ್ಟಿರೋ ಕವರ್. ಪ್ರತಿಯೊಂದಕ್ಕೂ ಒಂದೊಂದು ಲೆಕ್ಕಾಚಾರ ಇದೆ. ಚೀಟಿ ಮೇಲೆ ದಾನಿಯ ಹೆಸರು ವಿಳಾಸ ಮೊದಲೇ ಅಚ್ಚಾಗಿರತ್ತೆ, ಅವರು ಬರೆಯೋ ಕಷ್ಟ ಇಲ್ಲ. ಕೆಳಗೆ ಮೂರ್ನಾಲ್ಕು ಮೊತ್ತ ಇರತ್ತಲ್ಲ, ಅದು ಎಲ್ಲರಿಗೂ ಒಂದೇ ಅಲ್ಲ, ಹೋದ ಸಲ ಅವರು ಕೊಟ್ಟದ್ದು ಮೊದಲನೇ ಮೊತ್ತ, ಅದಕ್ಕಿಂತ ಸ್ವಲ್ಪ ಜಾಸ್ತಿ ಎರಡನೇದು, ಹಾಗೆ ಮೇಲೆ ಹೋಗತ್ತೆ. ಪ್ರತಿ ಚೀಟಿ ಮೂಲೆಯಲ್ಲಿ ಒಂದು ಕೋಡ್, ಯಾವ ಪಟ್ಟಿಯಿಂದ ಹೋದ ಯಾವ ಪತ್ರಕ್ಕೆ ದುಡ್ಡು ಬಂತು ಅಂತ ತಿಳಿಯೋಕೆ. ಆಮೇಲೆ ಪಿ.ಎಸ್., ಸಹಿ ಆದ್ಮೇಲೆ ಕೆಳಗೆ ಬರೆಯೋ ಎರಡು ಸಾಲು. ಅದು ಯಾಕೆ ಅಷ್ಟು ಮುಖ್ಯ ಅಂತ ನನಗೆ ಗೊತ್ತೇ ಇರ್ಲಿಲ್ಲ. ಜರ್ಮನಿಯಲ್ಲಿ ಸೀಗ್‌ಫ್ರೀಡ್ ಫೋಗೆಲೆ ಅನ್ನೋ ಪ್ರೊಫೆಸರ್ ಕಣ್ಣಿನ ಚಲನೆ ಹಿಡಿಯೋ ಕ್ಯಾಮೆರಾ ಇಟ್ಟು ಜನ ಪತ್ರ ಹೇಗೆ ಓದ್ತಾರೆ ಅಂತ ನೋಡಿದ್ರು, ಕಣ್ಣು ಮೊದಲು ತಮ್ಮ ಹೆಸರು, ಆಮೇಲೆ ಸಹಿ ಯಾರದ್ದು, ಆಮೇಲೆ ಪಿ.ಎಸ್., ಹೀಗೆ ಹಾರತ್ತೆ, ಮಧ್ಯದ ಪ್ಯಾರಾಗಳ ಸರದಿ ಆಮೇಲೆ. ಅದಕ್ಕೇ ನಮ್ಮ ಪತ್ರದಲ್ಲಿ ಯಾವ ತಾರೀಖಿನೊಳಗೆ ಪುಸ್ತಕ ಮುಗೀಬೇಕು ಅನ್ನೋ ಮಾತು ಪಿ.ಎಸ್.ಗೆ ಹೋಯ್ತು.

ಈಗ ಉಡುಗೊರೆ ವಿಷಯ. ಕವರ್ ಒಳಗೆ ಒಂದು ಕೀ ಚೈನ್, ಇಲ್ಲಾ ವಿಳಾಸದ ಸ್ಟಿಕರ್, ಇಲ್ಲಾ ಗ್ರೀಟಿಂಗ್ ಕಾರ್ಡ್ ಇಟ್ಟು ಕಳಿಸೋದು ಈ ಫೀಲ್ಡಲ್ಲಿ ಮಾಮೂಲು. ಏಜೆನ್ಸಿಯೋರೂ ಅದನ್ನೇ ಹೇಳಿದ್ರು. ಅದು ಕೆಲಸ ಮಾಡಲ್ಲ ಅಂತ ನಾನು ಹೇಳಲ್ಲ, ಮಾಡತ್ತೆ. ಆರ್ಮಿನ್ ಫಾಕ್ ಅನ್ನೋ ಅರ್ಥಶಾಸ್ತ್ರಜ್ಞರು ಸ್ವಿಟ್ಜರ್ಲೆಂಡಿನಲ್ಲಿ, ಢಾಕಾದ ಬೀದಿ ಮಕ್ಕಳಿಗಾಗಿ ಹೋದ ಸುಮಾರು 10,000 ಪತ್ರಗಳ ಮೇಲೆ ಪ್ರಯೋಗ ಮಾಡಿ 2007ರಲ್ಲಿ ಬರೆದಿದ್ದಾರೆ. ಮೂರನೇ ಒಂದು ಭಾಗಕ್ಕೆ ಏನೂ ಇಲ್ಲ, ಇನ್ನೊಂದು ಭಾಗಕ್ಕೆ ಮಕ್ಕಳು ಬಿಡಿಸಿದ ಚಿತ್ರದ ಒಂದು ಪೋಸ್ಟ್‌ಕಾರ್ಡ್, ಮತ್ತೊಂದಕ್ಕೆ ನಾಲ್ಕು ಕಾರ್ಡ್. ಒಂದು ಕಾರ್ಡ್ ಹೋದ ಕಡೆ ಕೊಟ್ಟೋರ ಪ್ರಮಾಣ ಶೇ. 17ರಷ್ಟು ಏರ್ತು, ನಾಲ್ಕು ಹೋದ ಕಡೆ ಶೇ. 75ರಷ್ಟು. ಆದ್ರೆ ಇದಕ್ಕೆ ಇನ್ನೊಂದು ಮುಖ ಇದೆ. ನ್ಯೂಮನ್ ಮತ್ತು ಶೆನ್ ಅಂತ ಇಬ್ಬರು 2012ರಲ್ಲಿ ತೋರಿಸಿದ್ದು, ನೀವು ಕೊಟ್ರೆ ನಿಮಗೊಂದು ಗಿಫ್ಟ್ ಕೊಡ್ತೀವಿ ಅಂದಾಗ ಜನ ಕೊಡೋ ಮೊತ್ತ ಕಮ್ಮಿ ಆಗತ್ತೆ ಅಂತ. ನನಗೆ ಇದು ಸರಿ ಅನ್ಸತ್ತೆ, ಮನಸ್ಸಿಂದ ಕೊಡೋನಿಗೆ ಪೆನ್ನು ತೋರಿಸಿದ್ರೆ ಅದು ವ್ಯಾಪಾರ ಆಗೋಯ್ತಲ್ಲ.

ನಾವು ಕೀ ಚೈನ್ ಬೇಡ ಅಂದ್ವಿ. ಪ್ರೂಫ್ ಸರ್ ಒಂದು ಐಡಿಯಾ ಕೊಟ್ರು, ನಮ್ಮಲ್ಲಿ ತಪ್ಪಾಗಿ ಒತ್ತಿದ ಬ್ರೈಲ್ ಹಾಳೆಗಳು ರಾಶಿ ಬಿದ್ದಿರತ್ತೆ, ಅದನ್ನೇ ಎರಡು ಬೆರಳಗಲದ ಪಟ್ಟಿ ಮಾಡಿ ಪ್ರತಿ ಕವರಲ್ಲಿ ಒಂದೊಂದು ಇಡೋಣ, 'ಕಣ್ಣು ಮುಚ್ಚಿ ಇದರ ಮೇಲೆ ಬೆರಳಾಡಿಸಿ ನೋಡಿ, ಅವಳು ಓದೋದು ಹೀಗೆ' ಅಂತ ಪತ್ರದಲ್ಲಿ ಬರೆಯೋಣ ಅಂತ. ಏಜೆನ್ಸಿಯೋರಿಗೂ ಬಹಳ ಇಷ್ಟ ಆಯ್ತು. ನಾವು ನಾಲ್ಕು ಜನ ಒಂದು ವಾರ ಕೂತು ಕತ್ತರಿಸಿದ್ವಿ, ನನ್ನ ಹೆಬ್ಬೆರಳಿಗೆ ಕತ್ತರಿ ಗುಳ್ಳೆ ಬಂತು.

ಪತ್ರ ಹೋದ್ಮೇಲೆ ಐದನೇ ದಿನ ನನ್ನ ಮನೆಗೂ ಒಂದು ಬಂತು. ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರನ್ನ ಒಂದಕ್ಷರ ತಪ್ಪು ಮಾಡಿ ನಾನೇ ಸೇರಿಸಿದ್ದೆ (ಇದು ಎಲ್ಲರೂ ಮಾಡ್ಬೇಕು, ಕಾರಣ ಮುಂದೆ ಹೇಳ್ತೀನಿ). ಆಫೀಸಿಗೆ ತಗೊಂಡು ಹೋಗಿ ಸರ್ ಕೈಗೆ ಒಳಗಿದ್ದ ಬ್ರೈಲ್ ಪಟ್ಟಿ ಕೊಟ್ಟೆ. ಅವರು ಬೆರಳಿಟ್ರು, ಎಡದಿಂದ ಬಲಕ್ಕೆ ಹೋದ್ರು, ವಾಪಸ್ ಬಂದ್ರು, ತಿರುಗಿಸಿ ನೋಡಿದ್ರು. 'ಖಾಲಿ ಕಾಗದ ಯಾಕೆ ಕೊಟ್ರಿ?' ಅಂದ್ರು. ನಾನು ಬೆಳಕಿಗೆ ಹಿಡಿದು ನೋಡಿದ್ರೆ ಚುಕ್ಕಿಗಳ ಗುರುತು ಮಾತ್ರ ಇದೆ, ಉಬ್ಬು ಇಲ್ಲ, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಮಡಚಿ ಕವರಿಗೆ ತುಂಬೋ ಮಷೀನಿನ ರೋಲರ್ ಮಧ್ಯೆ ಹೋಗಿ ಎಲ್ಲಾ ನೆಲಸಮ ಆಗಿತ್ತು. ಕೈಯಲ್ಲೇ ತುಂಬಬೇಕು ಅಂತ ನಾನು ಬರೆದು ಕೊಟ್ಟಿದ್ದೆ, ಅವರು ಆ ಕೆಲಸನ ಇನ್ನೊಬ್ಬರಿಗೆ ಒಪ್ಪಿಸಿದ್ರು, ಆ ಇನ್ನೊಬ್ಬರಿಗೆ ಅದು ತಲುಪಿರ್ಲಿಲ್ಲ. ಸಾವಿರಾರು ಜನ ಕಣ್ಣು ಮುಚ್ಚಿ ಖಾಲಿ ಕಾಗದ ಮುಟ್ಟಿದ್ದಾರೆ ಅಂತ ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೇಲಿ ಸಂಕಟ ಆಗತ್ತೆ. ಅವರು ಕ್ಷಮೆ ಕೇಳಿದ್ರು, ತುಂಬೋ ಚಾರ್ಜ್ ಬಿಟ್ರು, ಎರಡನೇ ಸುತ್ತಿಗೆ ಕೈಯಲ್ಲೇ ತುಂಬಿಸಿದ್ರು. ಆದ್ರೂ ಮೊದಲ ಸಲ ಹೋದದ್ದು ಹೋಯ್ತು.

ಇನ್ನು ಪಟ್ಟಿ. ಇದೇ ಈ ಇಡೀ ಸರ್ವಿಸ್‌ನ ಜೀವ, ಇದರಲ್ಲೇ ನನ್ನ ದೊಡ್ಡ ತಕರಾರು ಇರೋದು. ಎರಡು ಥರ ಪಟ್ಟಿ, ಒಂದು ನಮ್ಮದೇ ಹಳೇ ದಾನಿಗಳದ್ದು, ಇನ್ನೊಂದು ಬಾಡಿಗೆಗೆ ತರೋದು, ನಮ್ಮ ಹೆಸರೇ ಕೇಳಿರದ ಜನರದ್ದು. ನಮ್ಮ ಪಟ್ಟಿಯನ್ನ ಅವರು ವಿಂಗಡಿಸಿದ ರೀತಿ ನೋಡಿ ಕಲ್ತಿದ್ದು ಬಹಳ. ಕೊನೇ ಸಲ ಯಾವಾಗ ಕೊಟ್ರು, ಎಷ್ಟು ಸಲ ಕೊಟ್ಟಿದ್ದಾರೆ, ಎಷ್ಟು ಕೊಟ್ಟಿದ್ದಾರೆ, ಈ ಮೂರು ನೋಡಿ ಗುಂಪು ಮಾಡ್ತಾರೆ. ನಾನು ದೊಡ್ಡ ಮೊತ್ತ ಕೊಟ್ಟೋರೇ ಮುಖ್ಯ ಅಂದ್ಕೊಂಡಿದ್ದೆ, ಹಾಗಲ್ಲ, ಹೋದ ತಿಂಗಳು ಸ್ವಲ್ಪ ಕೊಟ್ಟೋರು ಆರು ವರ್ಷದ ಹಿಂದೆ ಜಾಸ್ತಿ ಕೊಟ್ಟು ಮರೆತೋರಿಗಿಂತ ಬೇಗ ಮತ್ತೆ ಕೊಡ್ತಾರೆ. ಒಂದೇ ಮನೆಗೆ ಮೂರು ಪತ್ರ ಹೋಗ್ತಿದ್ದದ್ದನ್ನ ಅವರೇ ಹುಡುಕಿ ತೆಗೆದ್ರು, ಇನಿಷಿಯಲ್ ಮುಂದೆ ಇದ್ರೆ ಒಬ್ಬರು ಹಿಂದೆ ಇದ್ರೆ ಇನ್ನೊಬ್ಬರು ಅಂತ ನಮ್ಮ ಕಂಪ್ಯೂಟರಲ್ಲಿ ಕೂತಿತ್ತು.

ಬಾಡಿಗೆ ಪಟ್ಟಿ ಅಂದ್ರೆ ಒಂದು ಸಲ ಬಳಸೋಕೆ ಮಾತ್ರ ಹಕ್ಕು, ಅದರಲ್ಲಿ ಯಾರು ದುಡ್ಡು ಕಳಿಸ್ತಾರೋ ಅವರು ನಮ್ಮೋರಾದ್ರು, ಉಳಿದೋರಿಗೆ ಮತ್ತೆ ಬರೆಯೋ ಹಾಗಿಲ್ಲ. ಪಟ್ಟಿ ಕೊಡೋರು ಅದಕ್ಕೇ ನಡುವೆ ಕೆಲವು ಸುಳ್ಳು ಹೆಸರು ಸೇರಿಸಿರ್ತಾರೆ, ಎರಡನೇ ಸಲ ಪತ್ರ ಬಂದ್ರೆ ಸಿಕ್ಕಿಬಿದ್ವಿ ಅಂತಾನೇ ಅರ್ಥ. ನಾನು ನನ್ನ ಹೆಸರನ್ನ ತಪ್ಪಕ್ಷರದಲ್ಲಿ ಹಾಕಿದ್ದೂ ಇದಕ್ಕೇ, ನಮ್ಮ ದಾನಿಗಳ ಪಟ್ಟಿ ನಮಗೆ ಹೇಳದೆ ಬೇರೆಯೋರಿಗೆ ಹೋದ್ರೆ ಆ ತಪ್ಪು ಹೆಸರಿಗೇ ಪತ್ರ ಬರತ್ತೆ. ಇಲ್ಲಿವರೆಗೂ ಬಂದಿಲ್ಲ, ಆ ಮಟ್ಟಿಗೆ ಏಜೆನ್ಸಿಯೋರು ಪ್ರಾಮಾಣಿಕರು.

ಮೊದಲ ಸುತ್ತಿನ ಲೆಕ್ಕ ಹೇಳ್ತೀನಿ. ಹಳಬರಿಗೆ ಎರಡು ಸಾವಿರದ ಹತ್ತಿರ ಪತ್ರ, ಉತ್ತರ ಬಂದದ್ದು ನೂರೈವತ್ತರ ಆಸುಪಾಸು. ಹೊಸಬರಿಗೆ ಎಂಟು ಸಾವಿರ, ಬಂದದ್ದು ಅರವತ್ತು ಚಿಲ್ಲರೆ. ಹಳಬರಿಂದ ಒಳ್ಳೇ ಲಾಭ, ಹೊಸಬರ ಕಡೆ ಖರ್ಚೇ ಹುಟ್ಟಲಿಲ್ಲ. ಕಮಿಟಿಯಲ್ಲಿ ಬೆಂಕಿ ಹತ್ಕೊಂತು. ಮಕ್ಕಳ ದುಡ್ಡು ಅಂಚೆ ಡಬ್ಬಿಗೆ ಹಾಕಿದ್ರಿ ಅಂತ ನನ್ನ ಮುಖಕ್ಕೇ ಅಂದ್ರು. ಆಮೇಲೆ ಗೊತ್ತಾಯ್ತು ಇದು ಈ ಕೆಲಸದಲ್ಲಿ ಸಹಜ ಅಂತ, ಹೊಸಬರಿಗೆ ಕಳಿಸಿದಾಗ ನೂರಕ್ಕೆ ಒಬ್ಬರು ಕೊಟ್ರೂ ಚೆನ್ನಾಗಿ ಬಂತು ಅಂತಾರೆ, ಆ ಸುತ್ತಲ್ಲಿ ನಷ್ಟ ಆಗೋದೇ ಹೆಚ್ಚು, ಆ ಅರವತ್ತು ಜನ ಮುಂದಿನ ವರ್ಷ ಅದರ ಮುಂದಿನ ವರ್ಷ ಕೊಟ್ಟಾಗ ಮಾತ್ರ ಹಾಕಿದ್ದು ವಾಪಸ್ ಬರೋದು. ಇದನ್ನ ಏಜೆನ್ಸಿಯೋರು ಸಹಿ ಹಾಕಿಸೋಕೆ ಮುಂಚೆ ಬಿಡಿಸಿ ಹೇಳ್ಬೇಕಿತ್ತು. 'ಇದು ದೀರ್ಘಾವಧಿ ಹೂಡಿಕೆ' ಅಂತ ಒಂದು ಸ್ಲೈಡಲ್ಲಿ ಇತ್ತು ನಿಜ, ಆದ್ರೆ ಒಂದು ಹಾಳೇಲಿ ಈ ವರ್ಷ ಇಷ್ಟು ಹೋಗತ್ತೆ, ಇಷ್ಟು ವರ್ಷಕ್ಕೆ ಬರಬಹುದು, ಬರದೇ ಇರಬಹುದು ಅಂತ ಬರೆದು ತೋರಿಸಿದ್ರೆ ನಾವು ಎಂಟು ಸಾವಿರದ ಬದಲು ಎರಡು ಸಾವಿರದಿಂದ ಶುರು ಮಾಡ್ತಿದ್ವಿ. ಕೈಯಲ್ಲಿ ಉಳಿತಾಯ ಇಲ್ಲದ ಸಂಸ್ಥೆಗಳು ದಯವಿಟ್ಟು ಈ ಲೆಕ್ಕ ಕೇಳದೆ ಮುಂದೆ ಹೋಗ್ಬೇಡಿ.

ಎರಡನೇ ಸುತ್ತಿಗೆ ಒಬ್ಬ ದೊಡ್ಡ ದಾನಿ ಮುಂದೆ ಬಂದ್ರು, ಬೇರೆಯೋರು ಕೊಟ್ಟಷ್ಟೇ ನಾನೂ ಕೊಡ್ತೀನಿ ಅಂತ. ಏಜೆನ್ಸಿಯೋರು ಅವರನ್ನ ಕೇಳಿ ಮೂರು ಪಟ್ಟು ಅಂತ ಹಾಕೋಣ ಅಂದ್ರು. ಅಗತ್ಯ ಇಲ್ಲ ಅಂತ ನಾನು ಕೂತೆ. ಡೀನ್ ಕಾರ್ಲನ್, ಜಾನ್ ಲಿಸ್ಟ್ ಇಬ್ಬರೂ 50,000ಕ್ಕೂ ಹೆಚ್ಚು ಹಳೇ ದಾನಿಗಳಿಗೆ ಪತ್ರ ಕಳಿಸಿ ನೋಡಿದ್ದಾರೆ, 2007ರಲ್ಲಿ ಬಂದ ಪ್ರಬಂಧ. ಸರಿಸಮ ಸೇರಿಸ್ತೀವಿ ಅಂದಾಗ ಕೊಡೋರ ಸಂಖ್ಯೆ ಶೇ. 22ರಷ್ಟು, ಪ್ರತಿ ಪತ್ರಕ್ಕೆ ಬಂದ ಹಣ ಶೇ. 19ರಷ್ಟು ಏರ್ತು, ಅದನ್ನ ಎರಡು ಪಟ್ಟು ಮೂರು ಪಟ್ಟು ಮಾಡಿದ್ರೂ ಅದಕ್ಕಿಂತ ಮೇಲೆ ಹೋಗ್ಲಿಲ್ಲ. ಸರಿಸಮಕ್ಕೇ ನಿಂತ್ವಿ.

ಈಗ ಎರಡು ಸ್ಟಾರ್ ಯಾಕೆ ಕಳೆದೆ ಅನ್ನೋದು. ಎರಡನೇ ಸುತ್ತು ಹೋಗಿ ಹತ್ತು ದಿನಕ್ಕೆ ಒಂದು ಫೋನ್ ಬಂತು. ವಯಸ್ಸಾದ ಧ್ವನಿ, ತುಂಬಾ ಮೆಲ್ಲಗೆ. 'ನನ್ನ ಹೆಂಡ್ತಿ ಹೆಸರಿಗೆ ಪತ್ರ ಬಂದಿದೆ ಅಮ್ಮಾ. ಅವಳು ಹೋಗಿ ವರ್ಷ ಆಗ್ತಾ ಬಂತು. ನಿಮಗೆ ತಿಳಿಸಿದ್ದೆ.' ಹೌದು, ತಿಳಿಸಿದ್ರು. ನಾನೇ ಆ ಕಾಗದ ತೆಗೆದು, ನಾನೇ ಅವರ ಹೆಸರು ಪಟ್ಟಿಯಿಂದ ತೆಗೆದು, ಸಾಂತ್ವನದ ಪತ್ರ ಬರೆದಿದ್ದೆ. ಆ ಅಮ್ಮ ನಮಗೆ ವರ್ಷಗಟ್ಟಲೆ ತಪ್ಪದೆ ಕೊಡ್ತಿದ್ದೋರು. ಏಜೆನ್ಸಿಯೋರು ನಾನು ಕಳಿಸಿದ ಹೊಸ ಫೈಲ್ ಬಿಟ್ಟು ಮೊದಲ ಸುತ್ತಿನ ಹಳೇ ಫೈಲನ್ನೇ ತಗೊಂಡಿದ್ರು. ಪತ್ರದ ಮೊದಲ ಸಾಲು 'ನಿಮ್ಮ ಬೆರಳುಗಳನ್ನ ಒಮ್ಮೆ ನೋಡಿಕೊಳ್ಳಿ' ಅಂತ ಇತ್ತು. ಅದನ್ನ ಅವರು ಅವರ ಹೆಂಡ್ತಿ ಹೆಸರಲ್ಲಿ ಓದಿದ್ದಾರೆ. ಫೋನಲ್ಲಿ ನನಗೆ ಮಾತೇ ಹೊರಡ್ಲಿಲ್ಲ. ಅವರೇ 'ಇರ್ಲಿ ಬಿಡಮ್ಮ, ತಪ್ಪಾಗತ್ತೆ' ಅಂದ್ರು.

ಅದೇ ಹಳೇ ಫೈಲಿಂದ, ನಮಗೆ ಇನ್ಮೇಲೆ ಕಳಿಸ್ಬೇಡಿ ಅಂದಿದ್ದ ಮೂವತ್ತಕ್ಕೂ ಹೆಚ್ಚು ಜನರಿಗೂ ಪತ್ರ ಹೋಗಿತ್ತು. ಏಜೆನ್ಸಿಯ ಮ್ಯಾನೇಜರ್ 'ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇದೆಲ್ಲ ಸಣ್ಣ ಪ್ರಮಾಣ' ಅಂದಾಗ ನಾನು ಒಪ್ಪಲಿಲ್ಲ, ಈಗ್ಲೂ ಒಪ್ಪಲ್ಲ. ಬೇಡ ಅಂದೋರಿಗೆ ಪತ್ರ ನಿಲ್ಲಿಸೋದು ಪತ್ರ ಬರೆಯೋ ಕೆಲಸದಷ್ಟೇ ದೊಡ್ಡ ಕೆಲಸ. ಬ್ರಿಟನ್‌ನಲ್ಲಿ 2015ರಲ್ಲಿ ವಯಸ್ಸಾದ ದಾನಿಗಳಿಗೆ ದೇಣಿಗೆ ಪತ್ರಗಳ ಮಳೆ ಸುರೀತಿದೆ ಅಂತ ದೊಡ್ಡ ಗಲಾಟೆ ಆಗಿ, 2016ರಲ್ಲಿ ದೇಣಿಗೆ ಸಂಗ್ರಹದ ಮೇಲೆ ಕಣ್ಣಿಡೋಕೆ ಅಂತಲೇ ಹೊಸ ಸಂಸ್ಥೆ ಬಂತು, 2017ರಿಂದ ಇಂಥ ಚಾರಿಟಿ ನನಗೆ ಪತ್ರ ಕಳಿಸ್ಬಾರ್ದು ಅಂತ ಒಂದೇ ಕಡೆ ಹೇಳಿ ನಿಲ್ಲಿಸೋ ವ್ಯವಸ್ಥೆ ಆಯ್ತು. ಅಷ್ಟು ದೂರ ಹೋಗೋವರೆಗೂ ಯಾರೂ ಕಾಯಬಾರ್ದು.

ಇನ್ನೊಂದು, ಥ್ಯಾಂಕ್ಸ್ ಪತ್ರ. ಅದೂ ಅವರ ಪ್ಯಾಕೇಜಲ್ಲೇ ಇತ್ತು. ಮೊದಲ ಸುತ್ತಲ್ಲಿ ದುಡ್ಡು ಬಂದು ಆರು ವಾರ ಆದ್ಮೇಲೆ ಹೋಗಿದೆ, ಒಟ್ಟಿಗೆ ಕಂತೆ ಕಟ್ಟಿ, ಕೆಳಗೆ ಮತ್ತೆ ಒಂದು ದೇಣಿಗೆ ಚೀಟಿ ಜೋಡಿಸಿ. ಮೊದಲ ಸಲ ಕೊಟ್ಟೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡನೇ ಸಲ ಕೊಡಲ್ಲ ಅನ್ನೋದು ಈ ಕೆಲಸ ಮಾಡೋರಿಗೆಲ್ಲ ಗೊತ್ತು, ಹಾಗಿದ್ದೂ ಕಷ್ಟಪಟ್ಟು, ನಷ್ಟ ಮಾಡಿಕೊಂಡು ಪಡೆದ ಅರವತ್ತು ಜನರನ್ನ ಆರು ವಾರ ಕಾಯಿಸೋದಾ? ಎರಡನೇ ಸುತ್ತಿಂದ ಅದನ್ನ ನಾನೇ ಕಿತ್ಕೊಂಡೆ. ದುಡ್ಡು ಬಂದ ಎರಡು ದಿನದಲ್ಲಿ ರಸೀದಿ ಜೊತೆ ಕೈಬರಹದಲ್ಲಿ ಮೂರು ಸಾಲು, ಯಾವ ಪುಸ್ತಕದ ಕೆಲಸ ನಡೀತಿದೆ ಅಂತ. ಮೊದಲ ಸುತ್ತಿನ ಅರವತ್ತು ಚಿಲ್ಲರೆಯಲ್ಲಿ ಹತ್ತೊಂಬತ್ತು ಜನ ಎರಡನೇ ಸುತ್ತಲ್ಲೂ ಕೊಟ್ರು. ಬೇಗ ಥ್ಯಾಂಕ್ಸ್ ಹೇಳಿದ್ದಿದ್ರೆ ಇನ್ನೂ ನಾಲ್ಕು ಜನ ಉಳೀತಿದ್ರೇನೋ ಅಂತ ನನಗೆ ಅನ್ನಿಸ್ತಾನೇ ಇರತ್ತೆ.

ಕಾಂಟ್ರ್ಯಾಕ್ಟ್ ಬಗ್ಗೆ ಎರಡು ಮಾತು. ಬಂದ ದೇಣಿಗೆಯಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸ್ ಕೇಳೋರ ಹತ್ರ ಹೋಗ್ಲೇಬೇಡಿ, ದೇಣಿಗೆ ಸಂಗ್ರಹದ ವೃತ್ತಿಪರರ ಸಂಘಗಳ ನೀತಿ ಸಂಹಿತೆಯಲ್ಲೇ ಅದು ತಪ್ಪು ಅಂತ ಇದೆ. ಇವರು ಕೆಲಸಕ್ಕೆ ಇಷ್ಟು ಅಂತ ನಿಗದಿ ಮಾಡಿದ್ರು, ಅದು ಸರಿ ಇತ್ತು. ಆಮೇಲೆ, ಪತ್ರ ನೋಡಿ ಬಂದ ಹೊಸ ದಾನಿಗಳ ಹೆಸರು ಯಾರದ್ದು ಅನ್ನೋ ಸಾಲು ಹುಡುಕಿ ಓದಿ. ನಮ್ಮದ್ರಲ್ಲಿ 'ಉಭಯ ಪಕ್ಷಗಳಿಗೂ' ಅಂತ ಇತ್ತು, ಹೊಡೆದು ಹಾಕಿಸಿ ಸಂಸ್ಥೆಗೆ ಮಾತ್ರ ಅಂತ ಬರೆಸಿದ್ವಿ. ಆ ಒಂದು ಪದ ಹಾಗೇ ಬಿಟ್ಟಿದ್ರೆ ನಾಳೆ ಇವರನ್ನ ಬಿಟ್ಟು ಹೋದ್ರೂ ನಮ್ಮ ದಾನಿಗಳಿಗೆ ಬೇರೆ ಯಾವುದೋ ಸಂಸ್ಥೆ ಹೆಸರಲ್ಲಿ ಇವರು ಪತ್ರ ಕಳಿಸಬಹುದಿತ್ತು.

ಮೂರನೇ ಸುತ್ತೂ ಇವರ ಜೊತೆನೇ ಮಾಡ್ತಿದ್ದೀವಿ, ಆದ್ರೆ ಅರ್ಧ ಕೆಲಸ ಮಾತ್ರ ಅವರದ್ದು. ಪತ್ರ, ವಿಂಗಡಣೆ, ಅಚ್ಚು ಅವರು. ಪಟ್ಟಿ ನಮ್ಮಲ್ಲೇ ಇರತ್ತೆ, ಅಚ್ಚಿಗೆ ಹೋಗೋ ಹಿಂದಿನ ದಿನ ನಾನು ಕೊಟ್ಟ ಫೈಲಿಂದಲೇ ವಿಳಾಸ ಹೋಗಬೇಕು ಅಂತ ಬರೆಸಿಕೊಂಡಿದ್ದೀವಿ, ಹಳೇ ಫೈಲ್ ಅಳಿಸಿದ್ದಕ್ಕೆ ಅವರಿಂದ ಕಾಗದಾನೂ ತಗೊಂಡಿದ್ದೀನಿ. ಕವರ್‌ಗೆ ತುಂಬೋದು ಈ ಸಲ ನಮ್ಮ ಆಫೀಸಲ್ಲೇ ನಡೀತಿದೆ. ಬ್ರೈಲ್ ಪಟ್ಟಿ ಬಾಗದ ಹಾಗೆ ಎರಡು ತುಂಡು ರಟ್ಟಿನ ಮಧ್ಯೆ ಇಟ್ಟು ಹಾಕ್ತಿದ್ದೀವಿ, ನೂರು ಕವರ್ ಆದ ಕೂಡ್ಲೇ ಪ್ರೂಫ್ ಸರ್ ಆ ಕಂತೆಯಿಂದ ಒಂದನ್ನ ಎಳೆದು, ತೆಗೆದು, ಬೆರಳಾಡಿಸಿ ನೋಡ್ತಾರೆ. ನಿನ್ನೆ ಸಂಜೆವರೆಗೂ ಹನ್ನೊಂದು ಕಂತೆ ಆಗಿದೆ, ಹನ್ನೊಂದರಲ್ಲೂ ಅಕ್ಷರ ಸಿಕ್ಕಿದೆ.